ಎರೆಭೂಮಿಯ ಸೊರಗು ರೋಗ: ಘಟಪ್ರಭೆಯ ಬಯಲು ಮತ್ತು ತಳಿಶೋಧದ ಚರಿತ್ರೆ

ಹುಕ್ಕೇರಿ ತಾಲ್ಲೂಕಿನ ದಡ್ಡಿಯನ್ನು ದಾಟಿದ ಘಟಪ್ರಭಾ ನದಿಯು ಹಿಡಕಲ್ ಜಲಾಶಯವನ್ನು ತುಂಬಿ ಗೋಕಾಕ, ಮೂಡಲಗಿಗಳ ಬಯಲಿಗೆ ಇಳಿಯುವಷ್ಟರಲ್ಲಿ ಮಳೆ ತಗ್ಗಿ ಎರೆಭೂಮಿ ಹೆಚ್ಚುತ್ತದೆ. ಒಂದು ಕಾಲಕ್ಕೆ ಹತ್ತಿಯನ್ನೂ ಇಂದಿಗೂ ಕಡಲೆ, ತೊಗರಿಗಳನ್ನೂ ಬೆಳೆಯುವ ಇಂಥ ನೆಲದಲ್ಲಿ, ಹಸುರಾಗಿ ನಿಂತ ಗಿಡ ಕೆಲವೇ ದಿನಗಳಲ್ಲಿ ಜೋತು ಒಣಗುವ ಸೊರಗು ರೋಗ ಹಳೆಯದು. ರೈತರ ಮಾತಿನಲ್ಲಿ ಇದು ಸಿಡಿ ರೋಗ, ತೊಗರಿಯಲ್ಲಾದರೆ ನೆಟೆ ರೋಗ. ಉತ್ತರ ಕರ್ನಾಟಕದಲ್ಲಿ ಈ ರೋಗವನ್ನು ಹಿಡಿತಕ್ಕೆ ತಂದ ಚರಿತ್ರೆಯು ಔಷಧಿಗಳ ಚರಿತ್ರೆಯಾಗಿರದೆ ಬಹುಪಾಲು ಬೀಜದ ಆಯ್ಕೆಯ ಚರಿತ್ರೆಯಾಗಿದೆ.

ರೋಗಕ್ಕೆ ಕಾರಣವಾದ ಫ್ಯುಸೇರಿಯಮ್ ಎಂಬ ಶಿಲೀಂಧ್ರವು ಎಳೆಬೇರಿನ ತುದಿಯಿಂದ ಒಳಹೊಕ್ಕು, ನೀರನ್ನು ಮೇಲಕ್ಕೊಯ್ಯುವ ನಾಳಗಳಲ್ಲಿ ಬೆಳೆಯುತ್ತದೆ. ಅದರ ಎಳೆಗಳಿಂದಲೂ, ಅದನ್ನು ತಡೆಯಲೆಂದು ಗಿಡವೇ ಸ್ರವಿಸುವ ಅಂಟಿನಿಂದಲೂ ನಾಳಗಳು ಕಟ್ಟಿಕೊಳ್ಳುವುದರಿಂದ ನೆಲದಲ್ಲಿ ತೇವವಿದ್ದರೂ ಗಿಡ ಬಾಡುತ್ತದೆ. ಕಾಂಡವನ್ನು ಉದ್ದಕ್ಕೆ ಸೀಳಿದಾಗ ಕಾಣುವ ಕಂದು ಗೆರೆಯೇ ಇದರ ಖಚಿತ ಗುರುತು. ಗಿಡ ಸತ್ತ ಮೇಲೆ ಶಿಲೀಂಧ್ರವು ದಪ್ಪ ಗೋಡೆಯ ಸುಪ್ತ ಬೀಜಕಣಗಳಾಗಿ ಮಣ್ಣಿನಲ್ಲಿ ಉಳಿಯುತ್ತದೆ. ಹತ್ತಿಗೆ, ತೊಗರಿಗೆ, ಕಡಲೆಗೆ ಹತ್ತುವ ಶಿಲೀಂಧ್ರಗಳು ಹತ್ತಿರದ ಬಳಗದವೇ ಆದರೂ, ಪ್ರತಿಯೊಂದೂ ಬಹುಮಟ್ಟಿಗೆ ತನ್ನದೇ ಬೆಳೆಗೆ ಕಟ್ಟುಬಿದ್ದಿರುತ್ತದೆ.

ಭಾರತದಲ್ಲಿ ಈ ತಿಳಿವಳಿಕೆಗೆ ತಳಹದಿ ಹಾಕಿದವನು ಪೂಸಾದಲ್ಲಿದ್ದ ಶಿಲೀಂಧ್ರ ವಿಜ್ಞಾನಿ ಎಡ್ವಿನ್ ಜಾನ್ ಬಟ್ಲರ್. ಅಮೆರಿಕದ ಎರ್ವಿನ್ ಸ್ಮಿತ್ 1899ರಲ್ಲಿ ನಿಯೋಕಾಸ್ಮೊಸ್ಪೊರಾ ಎಂಬ ಇನ್ನೊಂದು ಶಿಲೀಂಧ್ರವನ್ನು ಈ ರೋಗದೊಡನೆ ತಳುಕು ಹಾಕಿದ್ದನು. ಬಟ್ಲರ್ 1910ರಲ್ಲಿ ತೊಗರಿಯ ಮೇಲಿನ ಪ್ರಯೋಗಗಳಿಂದ ಅದು ಸತ್ತ ಬೇರಿನ ಮೇಲೆ ಬದುಕುವ ನಿರಪಾಯಕಾರಿ ಜೀವಿಯೆಂದೂ ನಿಜವಾದ ರೋಗಕಾರಕ ಫ್ಯುಸೇರಿಯಮ್ ಎಂದೂ ತೋರಿಸಿದನು.

ಕರ್ನಾಟಕದ ಮಟ್ಟಿಗೆ ಮುಖ್ಯವಾದ ಘಟ್ಟ ಹತ್ತಿಯದು. ಮುಂಬಯಿ ಪ್ರಾಂತದ ಬೆಳಗಾವಿ, ಧಾರವಾಡ ಜಿಲ್ಲೆಗಳ ಎರೆಯಲ್ಲಿ ಬೆಳೆಯುತ್ತಿದ್ದುದು ಕುಮಟಾ ಹತ್ತಿ. ಕರಾವಳಿಯ ಕುಮಟೆಯಲ್ಲಿ ಬೆಳೆದುದಲ್ಲ, ಅಲ್ಲಿನ ಬಂದರಿನಿಂದ ಹಡಗೇರುತ್ತಿದ್ದುದು. ಈ ಜವಾರಿ ಹತ್ತಿ ಸೊರಗಿಗೆ ಸುಲಭವಾಗಿ ತುತ್ತಾಗುತ್ತಿತ್ತು. ಆದರೆ 1840ರ ದಶಕದಲ್ಲಿ ಸರ್ಕಾರದ ಪ್ರಯತ್ನದಿಂದ ಬಂದು ಗದಗ ಸೀಮೆಯಲ್ಲಿ ನೆಲೆಯೂರಿದ ಧಾರವಾಡ-ಅಮೆರಿಕನ್ ಹತ್ತಿಯ ಜಾತಿಗೆ ಇಲ್ಲಿನ ರೋಗ ತಾಗುತ್ತಿರಲಿಲ್ಲ. ಅಮೆರಿಕದಲ್ಲಿ ಅದೇ ಜಾತಿಯ ಹತ್ತಿ ಸೊರಗಿನಿಂದ ಸಾಯುತ್ತಿತ್ತು. ಅಲ್ಲಿ ರೋಗ ಹುಳಿ ಮರಳುಮಣ್ಣಿನಲ್ಲಿ ಬೇರುಗಂಟಿನ ಜಂತುಹುಳುಗಳ ಜೊತೆಗೂಡಿ ಹಬ್ಬಿದರೆ, ಇಲ್ಲಿ ಕ್ಷಾರಗುಣದ ಜಿಗುಟು ಎರೆಯಲ್ಲಿ ಹಬ್ಬುತ್ತದೆ. ಆದುದರಿಂದ ಅಲ್ಲಿನ ಸಲಹೆಗಳನ್ನು ಇಲ್ಲಿ ಹಾಗೆಯೇ ನಾಟುವಂತಿರಲಿಲ್ಲ.

ಅಲ್ಲಿಂದ ಪಡೆಯಬಹುದಾಗಿದ್ದುದು ವಿಧಾನವೊಂದೇ. ಡಬ್ಲ್ಯು. ಎ. ಆರ್ಟನ್ 1899ರಿಂದ ದಕ್ಷಿಣ ಕೆರೊಲಿನಾದಲ್ಲಿ, ಸೊರಗು ತಾಗಿದ ಹೊಲದಲ್ಲಿ ಬದುಕುಳಿದ ಗಿಡಗಳ ಬೀಜವನ್ನೇ ಮತ್ತೆ ಅದೇ ಹೊಲದಲ್ಲಿ ಬಿತ್ತಿ ನಿರೋಧಕ ಹತ್ತಿಯನ್ನು ಪಡೆದಿದ್ದನು. ಧಾರವಾಡದಲ್ಲಿ ತಳಿವಿಜ್ಞಾನಿ ಜಿ.ಎಲ್. ಕೊಟ್ಟೂರ ಅವರು ಕುಮಟಾ ಹತ್ತಿಯಿಂದಲೇ ಆಯ್ದ ಧಾರವಾಡ-1ನ್ನು ಸೊರಗು ತಡೆಯುವ ಧಾರವಾಡ-2ರೊಡನೆ ಕೂಡಿಸಿ ಜಯವಂತ ತಳಿಯನ್ನು ರೂಪಿಸಿದರು. ಮುಂದೆ ಬಂದ ಜಯಧರ ಇಂದಿಗೂ ಜವಾರಿ ಹತ್ತಿಯೆಂದು ಹೆಸರಾಗಿದೆ. ಪರದೇಶದ ಬೀಜವನ್ನು ತರಿಸದೆ ಈ ನೆಲದ ಹತ್ತಿಯಲ್ಲೇ ಅಡಗಿದ್ದ ಶಕ್ತಿಯನ್ನು ಹೊರತೆಗೆದ ಈ ಕೆಲಸಕ್ಕೆ ಕೃಷಿ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಸ್ಥಾನ ಸಂದಿಲ್ಲ. ಹತ್ತಿಯ ಸೊರಗಿನ ಶಿಲೀಂಧ್ರದ ಪ್ರಭೇದಗಳಲ್ಲಿ ಭಾರತದಲ್ಲಿ ಮೊದಲು ಗುರುತಿಸಲಾದ, ನಾಲ್ಕನೆಯದೆಂದು ಎಣಿಸಲ್ಪಟ್ಟ ಪ್ರಭೇದವೇ 2001ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಪಿಮಾ ಹತ್ತಿಯಲ್ಲಿ ಕಾಣಿಸಿಕೊಂಡುದು ವಿಚಿತ್ರ.

ಕಡಲೆಯಲ್ಲಿ ಅದೇ ಕಥೆ ಬೇರೆ ರೂಪದಲ್ಲಿ ನಡೆಯಿತು. 1978ರಲ್ಲಿ ಬಿಡುಗಡೆಯಾದ ಅಣ್ಣಿಗೇರಿ-1 ತಳಿಯನ್ನು ರೈತರು ಬಹುಕಾಲ ಮೆಚ್ಚಿ ಬೆಳೆದರೂ ಅದಕ್ಕೆ ಸಿಡಿ ರೋಗ ತಡೆಯುವ ಶಕ್ತಿ ಇರಲಿಲ್ಲ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ವಿಜ್ಞಾನಿಗಳಾದ ಹವಾರೆ ಮತ್ತು ನೆನೆ 1982ರಲ್ಲಿ ಕಡಲೆಯ ರೋಗಕಾರಕದಲ್ಲಿ ನಾಲ್ಕು ಪ್ರಭೇದಗಳನ್ನು ಗುರುತಿಸಿದ ಮೇಲೆ, ಒಂದೆಡೆ ತಾಳಿಕೊಂಡ ತಳಿ ಇನ್ನೊಂದೆಡೆ ಸೋಲುವುದೇಕೆಂಬುದು ತಿಳಿಯಿತು. ಕಡಲೆಯನ್ನೇ ಬಿತ್ತದಿದ್ದರೂ ಶಿಲೀಂಧ್ರ ಆರು ವರ್ಷಗಳ ಕಾಲ ಮಣ್ಣಿನಲ್ಲಿ ಬದುಕಿರುವುದೂ ಅಲ್ಲಿಯೇ ಸ್ಪಷ್ಟವಾಯಿತು. ಎರಡು ವರ್ಷ ಜೋಳ ಬಿತ್ತಿದರೆ ರೋಗ ತಗ್ಗೀತು, ಹೊಲ ಶುದ್ಧವಾಗದು. ಬಳಿಕ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವು ಇಕ್ರಿಸ್ಯಾಟ್ ಜೊತೆಗೂಡಿ, ಡಬ್ಲ್ಯುಆರ್-315 ಎಂಬ ನಿರೋಧಕ ಕಡಲೆಯ ಗುಣವನ್ನು ವಂಶವಾಹಿ ಗುರುತುಗಳ ನೆರವಿನಿಂದ ಅಣ್ಣಿಗೇರಿ-1ಕ್ಕೆ ಸೇರಿಸಿ ಸೂಪರ್ ಅಣ್ಣಿಗೇರಿ-1ನ್ನು ರೂಪಿಸಿತು. ತೊಗರಿಯಲ್ಲಿ ಇಂಥ ಸ್ಥಾನ 1986ರ ಮಾರುತಿ ತಳಿಗೆ ಸಲ್ಲುತ್ತದೆ.

ತಳಿಯ ಜೊತೆಗೆ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮ ಎಂಬ ಉಪಕಾರಿ ಶಿಲೀಂಧ್ರವನ್ನು ಲೇಪಿಸುವುದು ಇಂದಿನ ರೂಢಿ. ಕಡಲೆಯ ಸೊರಗು ಬೀಜದ ಮೂಲಕವೂ ಹರಡುವುದರಿಂದ ರೋಗ ಕಂಡ ಹೊಲದ ಬೀಜವನ್ನು ಇಡಬಾರದು. ಗಿಡ ಬಾಡಿದ ಮೇಲೆ ಸುರಿಯುವ ಔಷಧದಿಂದ ಆ ಗಿಡ ಉಳಿಯುವುದು ಅಪರೂಪ, ಹಾಗಿದ್ದರೂ ಹಣ ಹೆಚ್ಚು ಖರ್ಚಾಗುವುದು ಆ ಹಂತದಲ್ಲಿಯೇ.

ಕಾಲುವೆ ನೀರು ಬಂದ ಗೋಕಾಕ, ಹುಕ್ಕೇರಿಗಳಲ್ಲಿ ಕಬ್ಬು ಮುಖ್ಯ ಬೆಳೆಯಾಗಿದ್ದು, ಅದಕ್ಕೂ ತನ್ನದೇ ಸೊರಗು ಉಂಟು; ಬಟ್ಲರ್ ಮತ್ತು ಹಫೀಜ್ ಖಾನ್ 1913ರಲ್ಲಿ ವಿವರಿಸಿದ ಈ ರೋಗಕಾರಕವನ್ನು ಇಂದು ಫ್ಯುಸೇರಿಯಮ್ ಸಕಾರಿ ಎನ್ನುತ್ತಾರೆ. ಇದು ಬಿತ್ತನೆಯ ತುಂಡುಗಳಲ್ಲಿಯೇ ಸಾಗುತ್ತದೆ, ಕೂಳೆಯಲ್ಲಿ ಉಳಿಯುತ್ತದೆ. ಹೀಗಾಗಿ ನೆರೆಯ ಹೊಲದಿಂದ ಕಬ್ಬನ್ನು ಕಡಿದು ತಂದು ನೆಡುವ ರೈತನು, ತುಂಡುಗಳ ಕತ್ತರಿಸಿದ ಬದಿಯಲ್ಲಿ ಕೆಂಪು-ಕಂದು ಛಾಯೆಯಿದೆಯೇ ಎಂದು ನೋಡಿ, ಇದ್ದರೆ ಆ ತಾಕಿನ ಬೀಜವನ್ನು ಪೂರ್ತಿಯಾಗಿ ಬಿಡಬೇಕಾಗುತ್ತದೆ.