ಊಷರದೋಷವೂ ತುಂಗಭದ್ರೆಯ ಕಾಲುವೆಗಳೂ

ಕೆರೆಯ ಷಡ್ದೋಷಗಳಲ್ಲಿ ಊಷರಭೂಮಿಯೂ ಒಂದೆಂದು ಪೋರುಮಾಮಿಳ್ಳದ ಸಂಸ್ಕೃತ ಶಾಸನವು (ಶಕ ೧೨೯೧, ಕ್ರಿ. ಶ. ೧೩೬೯) ಎಣಿಸಿದೆ. ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನ ಈ ಶಾಸನವನ್ನು ಶಿಲ್ಪಶಾಸ್ತ್ರಕ್ಕಾಗಿ ಓದುವವರುಂಟು; ಮಣ್ಣಿಗಾಗಿ ಓದುವವರು ವಿರಳ.

ವಿಜಯನಗರದ ಅರಸರ ಕಾಲದ ಕಾಲುವೆಗಳು ಹಂಪೆ, ಕಂಪ್ಲಿಗಳಲ್ಲಿ ಇಂದಿಗೂ ಹರಿಯುತ್ತಿವೆ. ಹಂಪೆಯ ಬಂಡೆಗಳ ನಡುವಣ ಕಣಿವೆಯನ್ನು ತುರುತ್ತು ಕಾಲುವೆಯು ತೋಯಿಸುವುದು. ಅಲ್ಲಿ ಬತ್ತ, ಕಬ್ಬು, ಬಾಳೆ. ಮಳೆಯನ್ನೇ ನಂಬಿದ ಹೊಲದಲ್ಲಿ ಬೆಳೆಯೇ ವಿರಳ. ಮಣ್ಣಿಗೆ ಬಿದ್ದ ಬೇರು, ತರಗುಗಳ ಸಾರವೂ ಬಿಸಿಲಿಗೆ ಬೇಗನೆ ಕ್ಷಯಿಸುವುದು. ನೀರು ನಿಂತ ಗದ್ದೆಯಲ್ಲಾದರೋ ವಾಯುಸಂಚಾರವು ಕುಂದುವುದರಿಂದ ಅವು ನಿಧಾನವಾಗಿ ಕೊಳೆತು, ಇಂಗಾಲದ ಒಂದಂಶವು ಮಣ್ಣಿನಲ್ಲಿಯೇ ನೆಲೆಸುವುದು. (ಅದೇ ಗದ್ದೆಯು ಮೀಥೇನ್ ಅನಿಲವನ್ನೂ ಹೊರಬಿಡುವುದೆಂಬುದನ್ನು ಮರೆಯಲಾಗದು.) ಮಿಕ್ಕ ನೀರು ಇಳಿಜಾರಿನಲ್ಲಿ ನದಿಗೇ ಮರಳುವುದು.

೧೯೫೩ರಲ್ಲಿ ಹೊಸಪೇಟೆಯ ಬಳಿಯ ಅಣೆಕಟ್ಟಿನಿಂದ ಹೊರಟ ನೀರಿನ ಕಥೆ ಬೇರೆ. ಅದು ಸಿರುಗುಪ್ಪ, ಗಂಗಾವತಿಗಳ ಎರೆಭೂಮಿಗೆ ತಲುಪಿತು. ಆ ಜಿಗುಟು ಮಣ್ಣಿನಲ್ಲಿ ನೀರು ಸುಲಭವಾಗಿ ಬಸಿದುಹೋಗದು. ಮಿತನೀರಿನ ಬೆಳೆಗೆಂದು ಗೊತ್ತುಮಾಡಿದ ಹೊಲಗಳಲ್ಲಿಯೂ ರೈತರು ಬತ್ತವನ್ನೇ ನಟ್ಟರು; ಲಾಭವಿದ್ದ ಬೆಳೆಯನ್ನು ಆರಿಸಿದವರನ್ನು ದೂರುವುದು ನ್ಯಾಯವಲ್ಲ. ತಗ್ಗಿನ ನೆಲಗಳಲ್ಲಿ ಅಂತರ್ಜಲವು ಮೇಲೇರಿ, ಆವಿಯಾಗಿ, ಚೌಳನ್ನು ಉಳಿಸಿತು. ಚೌಳಾದಲ್ಲಿ ಬೆಳೆ ಕುಗ್ಗುವುದು. ಬೆಳೆ ಕುಗ್ಗಿದಲ್ಲಿ ಮಣ್ಣಿಗೆ ಸೇರುವ ಇಂಗಾಲವೂ ಕುಗ್ಗುವುದು.

ಶಾಸನಕಾರನು ಊಷರವನ್ನು ಸ್ಥಳದ ದೋಷವೆಂದು ಗ್ರಹಿಸಿದನು. ಇಲ್ಲಿ ಅದು ನೀರಿನಿಂದಲೇ ಹುಟ್ಟಿತು. ಅಲ್ಪಭೂಮಿಗೆ ಅಧಿಕಜಲವೆಂಬ ಇನ್ನೊಂದು ದೋಷವನ್ನೂ ಅವನೇ ಹೇಳಿರುವನು. ಅವನ ಪಟ್ಟಿಯಲ್ಲಿ ಬೇರೆಬೇರೆಯಾಗಿರುವ ಈ ಎರಡು ದೋಷಗಳಲ್ಲಿ ಒಂದು ಮತ್ತೊಂದಕ್ಕೆ ಕಾರಣವಾದುದನ್ನು ಸಿರುಗುಪ್ಪದ ತಗ್ಗುಹೊಲಗಳಲ್ಲಿ ಕಾಣಬಹುದು.