ಗಣಕದ ಗೆರೆ ನುಣುಪಾದ ಬಗೆ

2020ರಲ್ಲಿ ಕಾಲೇಜುಗಳು ಬಾಗಿಲು ಮುಚ್ಚಿ ಪಾಠಗಳೆಲ್ಲ ಪರದೆಯ ಮೇಲೆ ನಡೆಯತೊಡಗಿದಾಗ, ಇಪ್ಪತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತಿದ್ದ ನಾನೂ ಒಂದು ಗ್ರಾಫಿಕ್ಸ್ ಟ್ಯಾಬ್ಲೆಟ್ ಕೊಂಡೆ. ಪುಸ್ತಕದಷ್ಟು ಅಗಲದ ಕಪ್ಪು ಫಲಕ, ಜೊತೆಗೊಂದು ಲೇಖನಿ. ಫಲಕದ ಮೇಲೆ ಬರೆದದ್ದು ಗಣಕದ ಪರದೆಯಲ್ಲಿ ಮೂಡುತ್ತದೆ. ಮೊದಲ ದಿನ ವೃತ್ತ ಬರೆದರೆ ಬಹುಭುಜ ಬಂತು. ನಿಧಾನವಾಗಿ ಎಳೆದ ಓರೆ ಗೆರೆ ಹಾವಿನಂತೆ ಬಳುಕಿತು. ತಂತ್ರಾಂಶದಲ್ಲಿ ಗೆರೆಯನ್ನು ನುಣುಪು ಮಾಡಲು ಒಂದು ಜಾರುಗುಂಡಿ ಇರುವುದು ಕಣ್ಣಿಗೆ ಬಿತ್ತು. ಅದನ್ನು ಕೊನೆಯವರೆಗೂ ತಳ್ಳಿದೆ. ಗೆರೆಗಳು ಎಣ್ಣೆ ಸುರಿದಂತೆ ಹರಿದವು. ನನಗೋ ಬಹಳ ಸಂತೋಷ.

ಮರುದಿನ ಲೆಕ್ಕವೊಂದನ್ನು ಬಿಡಿಸುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಅದು ಸೊನ್ನೆಯೋ, ದಶಮಾಂಶ ಬಿಂದುವೋ?" ನಾನು ಬರೆದದ್ದು 1.05. ಅವಳಿಗೆ ಕಂಡದ್ದು ಒಂದು, ಎರಡು ಚುಕ್ಕೆ, ಆಮೇಲೆ ಐದು. ಗೆರೆಯನ್ನು ನುಣುಪು ಮಾಡಿದ ಗುಂಡಿಯೇ ಸೊನ್ನೆಯನ್ನು ನುಂಗಿಹಾಕಿತ್ತು. ಇದು ಹೇಗಾಯಿತು? ಇದನ್ನು ತಿಳಿಯಲು ಲೇಖನಿ ಮತ್ತು ಗಣಕಗಳ ನಂಟಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಬರೆಯುವ ಕೈಯ ಚಲನೆಯನ್ನು ವಿದ್ಯುತ್ತಿಗೆ ಒಪ್ಪಿಸುವ ಆಸೆ ಗಣಕಕ್ಕಿಂತ ಹಳೆಯದು. ದೂರವಾಣಿಯ ಹಕ್ಕಿಗಾಗಿ ಗ್ರಹಾಂ ಬೆಲ್‌ರೊಡನೆ ಸೆಣಸಿ ಸೋತ ಅಮೆರಿಕದ ಎಲಿಶಾ ಗ್ರೇ 1888ರಲ್ಲಿ 'ಟೆಲಾಟೋಗ್ರಾಫ್' ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದರು. ಒಂದು ಊರಿನಲ್ಲಿ ಬರೆದ ಅಕ್ಷರವನ್ನು ತಂತಿಯ ಆಚೆ ತುದಿಯ ಲೇಖನಿ ಅದೇ ರೀತಿ ಬರೆಯುತ್ತಿತ್ತು. ಗಣಕದ ಕಾಲಕ್ಕೆ ಬಂದರೆ, 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಇವಾನ್ ಸದರ್ಲೆಂಡ್ ತಮ್ಮ ಡಾಕ್ಟರೇಟ್ ಪ್ರಬಂಧವಾಗಿ ರಚಿಸಿದ 'ಸ್ಕೆಚ್‌ಪ್ಯಾಡ್' ಪ್ರಸಿದ್ಧ. ಟಿಎಕ್ಸ್-2 ಗಣಕದ ಪರದೆಗೇ ಬೆಳಕಿನ ಲೇಖನಿಯನ್ನು ಹಿಡಿದು ಅದರಲ್ಲಿ ಚಿತ್ರ ಬರೆಯಬಹುದಿತ್ತು. ಆದರೆ ಅದು ಬರೆಯುತ್ತಿದ್ದುದು ಸರಳರೇಖೆ ಮತ್ತು ವೃತ್ತಕಂಸಗಳನ್ನು. ತುದಿಗಳನ್ನು ಕೈ ತೋರಿಸಿದರೆ ಗೆರೆಯನ್ನು ಎಳೆಯುತ್ತಿದ್ದುದು ಗಣಕ. ಹಾಗಾಗಿ ಕೈಯ ನಡುಕದ ಪ್ರಶ್ನೆ ಅಲ್ಲಿ ಅಷ್ಟಾಗಿ ಏಳಲಿಲ್ಲ.

ಆ ಪ್ರಶ್ನೆ ಎದ್ದದ್ದು ಮರುವರ್ಷ. ಕ್ಯಾಲಿಫೋರ್ನಿಯಾದ ಸ್ಯಾಂಟಾ ಮೋನಿಕಾದಲ್ಲಿರುವ ರಾಂಡ್ ಸಂಸ್ಥೆಯ ಡೇವಿಸ್ ಮತ್ತು ಎಲ್ಲಿಸ್ 1964ರಲ್ಲಿ 'ರಾಂಡ್ ಟ್ಯಾಬ್ಲೆಟ್' ಅನ್ನು ಪ್ರಕಟಿಸಿದರು. ಇಂದಿನ ಟ್ಯಾಬ್ಲೆಟ್‌ಗಳ ಹಿರಿಯಜ್ಜ ಇದು. ಸುಮಾರು 10 ಅಂಗುಲ ಚೌಕದ ಫಲಕದೊಳಗೆ ಅಂಗುಲಕ್ಕೆ 100ರಂತೆ ಎರಡೂ ದಿಕ್ಕಿನಲ್ಲಿ ತೆಳುವಾದ ತಾಮ್ರದ ಗೆರೆಗಳು. ಪ್ರತಿ ಗೆರೆಯಲ್ಲೂ ಅದರದೇ ಆದ ವಿದ್ಯುತ್ ಮಿಡಿತಗಳ ಸಂಕೇತ. ಲೇಖನಿಯ ಮೊನೆ ತನ್ನ ಅಡಿಯಲ್ಲಿರುವ ಗೆರೆಗಳ ಮಿಡಿತವನ್ನು ಹಿಡಿದು 'ನಾನು ಇಂಥ ಕಡೆ ಇದ್ದೇನೆ' ಎಂದು ಗಣಕಕ್ಕೆ ತಿಳಿಸುತ್ತಿತ್ತು. ಇಡೀ ಫಲಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸ್ಥಾನಗಳು.

ಇಲ್ಲೊಂದು ಜಾಣತನವಿದೆ. ಮೊನೆ 7 ಮತ್ತು 8ನೆಯ ಗೆರೆಗಳ ನಡುವೆ ನಿಂತಿದೆ ಎನ್ನೋಣ. ಸಾಮಾನ್ಯ ದ್ವಿಮಾನ ಸಂಖ್ಯೆಯಲ್ಲಿ 7 ಎಂದರೆ 0111, 8 ಎಂದರೆ 1000. ನಾಲ್ಕು ಅಂಕಗಳೂ ಒಟ್ಟಿಗೆ ಬದಲಾಗಬೇಕು. ಕೆಲವು ಅಂಕಗಳು ತಡವಾಗಿ ಬದಲಾದರೂ 15 ಎಂದೋ 0 ಎಂದೋ ಓದಿಕೊಂಡು ಲೇಖನಿ ಏಳೆಂಟು ಹೆಜ್ಜೆ ಆಚೆ ನೆಗೆದಂತೆ ಕಾಣುತ್ತದೆ. ರಾಂಡ್‌ನವರು ಬಳಸಿದ್ದು 'ಗ್ರೇ ಸಂಕೇತ'. ಇದರಲ್ಲಿ 7 ಎಂದರೆ 0100, 8 ಎಂದರೆ 1100. ಬದಲಾಗುವುದು ಒಂದೇ ಅಂಕ. ತಪ್ಪಾದರೂ ಒಂದು ಹೆಜ್ಜೆಯಷ್ಟೇ ತಪ್ಪು. ಇದು ಬೆಲ್ ಪ್ರಯೋಗಾಲಯದ ಫ್ರಾಂಕ್ ಗ್ರೇ ಅವರ ಹೆಸರಿನದು. ಟೆಲಾಟೋಗ್ರಾಫಿನ ಗ್ರೇ ಬೇರೆ.

ದೊಡ್ಡ ನೆಗೆತ ತಪ್ಪಿತು, ಸಣ್ಣ ಮೆಟ್ಟಿಲುಗಳು ಉಳಿದವು. ಅಂಗುಲದ ನೂರರಲ್ಲೊಂದು ಭಾಗಕ್ಕಿಂತ ಸೂಕ್ಷ್ಮವಾದದ್ದು ಫಲಕಕ್ಕೆ ತಿಳಿಯದು. ಕೈಬರಹದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶವನ್ನು ಅಲ್ಲಿಯೇ ಬರೆಯುತ್ತಿದ್ದ ಗೇಬ್ರಿಯಲ್ ಗ್ರೋನರ್ 1966ರಲ್ಲಿ ಇದಕ್ಕೊಂದು ಸರಳ ಉಪಾಯ ಹೂಡಿದರು. ಹೊಸ ಬಿಂದು ಬಂದಾಗ ಅದನ್ನು ಹಾಗೆಯೇ ಇಡಬಾರದು. ಹಿಂದಿನ ನುಣುಪಾದ ಬಿಂದುವಿನ ಮುಕ್ಕಾಲು ಭಾಗ, ಹೊಸ ಬಿಂದುವಿನ ಕಾಲು ಭಾಗ ಸೇರಿಸಿ ಹೊಸ ನುಣುಪು ಬಿಂದುವನ್ನು ಪಡೆಯಬೇಕು. ಒಂದೇ ಸಾಲಿನ ಸೂತ್ರ. ಇಂದಿಗೂ ಎಷ್ಟೋ ತಂತ್ರಾಂಶಗಳ ಒಳಗೆ ಇದರ ಮಕ್ಕಳು ಮೊಮ್ಮಕ್ಕಳೇ ದುಡಿಯುತ್ತಿರುವುದು.

ಈ ಸೂತ್ರ ಕೊಡುವುದೇನು, ಕಸಿಯುವುದೇನು? ಬಿಂದುಗಳ ಅಲುಗಾಟ ಒಂದಕ್ಕೊಂದು ಸಂಬಂಧವಿಲ್ಲದ್ದಾದರೆ, ಅದು 7ರ ವರ್ಗಮೂಲದಷ್ಟು, ಅಂದರೆ ಎರಡೂವರೆ ಪಟ್ಟಿಗಿಂತ ಹೆಚ್ಚು ತಗ್ಗುತ್ತದೆ. ಒಳ್ಳೆಯ ಲಾಭ. ಆದರೆ ಒಂದೇ ವೇಗದಲ್ಲಿ ಸಾಗುವ ಲೇಖನಿಗಿಂತ ಗೆರೆ ಮೂರು ಬಿಂದುಗಳಷ್ಟು ಹಿಂದೆ ಉಳಿಯುತ್ತದೆ. 4 ಮಿಲಿಸೆಕೆಂಡಿಗೆ ಒಂದು ಬಿಂದು ಎಂದಿಟ್ಟುಕೊಂಡರೆ ವಿಳಂಬ 12 ಮಿಲಿಸೆಕೆಂಡು. ಕೈ ಸೆಕೆಂಡಿಗೆ 20 ಸೆಂ.ಮೀ. ಓಡುತ್ತಿದ್ದರೆ ಗೆರೆಯ ತುದಿ ಲೇಖನಿಗಿಂತ 2.4 ಮಿ.ಮೀ. ಹಿಂದಿರುತ್ತದೆ. ಹಿಂದಿನದನ್ನು ನೆನಪಿಟ್ಟುಕೊಂಡು ಸರಾಸರಿ ಮಾಡುವ ಯಾವ ಉಪಾಯವೂ ವಿಳಂಬವಿಲ್ಲದೆ ಬರುವುದಿಲ್ಲ.

ವಿಳಂಬವಾದರೂ ಕಣ್ಣಿಗೆ ಕಾಣುತ್ತದೆ. ಇನ್ನೊಂದು ನಷ್ಟ ಅಷ್ಟು ಸುಲಭವಾಗಿ ಕಾಣದು. ಚಿಕ್ಕದೊಂದು ಸೊನ್ನೆಯನ್ನು 0.2 ಸೆಕೆಂಡಿನಲ್ಲಿ ಸುತ್ತುತ್ತೇವೆ ಎನ್ನಿ. ಸೆಕೆಂಡಿಗೆ 200 ಬಿಂದು ಓದುವ ಫಲಕಕ್ಕೆ ಅದರಲ್ಲಿ 40 ಬಿಂದುಗಳು ಸಿಗುತ್ತವೆ. ಪ್ರತಿ ಸಲ ಕೊನೆಯ 10 ಬಿಂದುಗಳ ಸರಾಸರಿ ತೆಗೆದರೆ, ಕಾಲು ವೃತ್ತದ ಮೇಲಿನ ಬಿಂದುಗಳ ಸರಾಸರಿ ತೆಗೆದಂತಾಯಿತು. ಕಂಸದ ಸರಾಸರಿ ಕಂಸದ ಮೇಲಿರುವುದಿಲ್ಲ, ಕೇಂದ್ರದ ಕಡೆಗೆ ಸರಿದಿರುತ್ತದೆ. ಲೆಕ್ಕ ಮಾಡಿದರೆ ವೃತ್ತದ ತ್ರಿಜ್ಯ ಶೇಕಡ 10ರಷ್ಟು ಕುಗ್ಗುತ್ತದೆ. 20 ಬಿಂದುಗಳ ಸರಾಸರಿ ತೆಗೆದರೆ ಶೇಕಡ 36ರಷ್ಟು. 40 ಬಿಂದುಗಳದ್ದಾದರೆ? ಇಡೀ ವೃತ್ತದ ಬಿಂದುಗಳ ಸರಾಸರಿ ಎಂದರೆ ಅದರ ಕೇಂದ್ರವೇ. ನನ್ನ 1.05ರ ಸೊನ್ನೆ ಚುಕ್ಕೆಯಾದದ್ದು ಹೀಗೆ. ಗಮನಿಸಿ, ಈ ಲೆಕ್ಕದಲ್ಲಿ ಸೊನ್ನೆಯ ಗಾತ್ರ ಎಲ್ಲಿಯೂ ಬರಲಿಲ್ಲ, ಬಂದದ್ದು ಅದನ್ನು ಸುತ್ತಲು ಹಿಡಿದ ಕಾಲ ಮಾತ್ರ. ದೊಡ್ಡದಾಗಿ ಬರೆದರೂ ಅಷ್ಟೇ ವೇಗದಲ್ಲಿ ಸುತ್ತಿದರೆ ಅದೇ ಗತಿ. ನಿಧಾನವಾಗಿ ಬರೆಯುವುದೊಂದೇ ದಾರಿ.

ಇಷ್ಟೆಲ್ಲ ಬಿಂದುಗಳನ್ನು ತಿದ್ದುವ ಮಾತಾಯಿತು. ಬಿಂದುಗಳ ನಡುವೆ ಗೆರೆ ಎಳೆಯುವುದು ಬೇರೆಯದೇ ಕಥೆ. ಅದರ ಬೇರು ಹಡಗು ಕಟ್ಟುವವರ ಕಟ್ಟೆಗಳಲ್ಲಿದೆ. ತೆಳುವಾದ ಮರದ ಪಟ್ಟಿಯನ್ನು ಬಾಗಿಸಿ, ಸೀಸದ ತೂಕಗಳಿಂದ ಅಲ್ಲಲ್ಲಿ ಒತ್ತಿಹಿಡಿದರೆ ಪಟ್ಟಿ ತಾನಾಗಿಯೇ ನಯವಾದ ವಕ್ರರೇಖೆಯಾಗುತ್ತದೆ. ಕಡಿಮೆ ಶಕ್ತಿಯ ಆಕಾರವನ್ನು ಪಟ್ಟಿಯೇ ಹುಡುಕಿಕೊಳ್ಳುತ್ತದೆ ಎನ್ನಬಹುದು. ಈ ಪಟ್ಟಿಯ ಹೆಸರೇ 'ಸ್ಪ್ಲೈನ್'. ಕಾರಿನ ಮೈಯ ಬಾಗುಗಳನ್ನು ಗಣಕಕ್ಕೆ ಹೇಳಿಕೊಡಲು ಫ್ರಾನ್ಸಿನ ಸಿಟ್ರೋಯೆನ್ ಕಂಪೆನಿಯ ಪಾಲ್ ದ ಕಾಸ್ಟೆಲ್ಜೋ 1959ರಲ್ಲಿ ಒಂದು ವಿಧಾನ ಕಂಡುಹಿಡಿದರು. ಕಂಪೆನಿ ಅದನ್ನು ಗುಟ್ಟಾಗಿಟ್ಟಿತು. ಪ್ರತಿಸ್ಪರ್ಧಿ ರೆನೋ ಕಂಪೆನಿಯ ಪಿಯರ್ ಬೆಜಿಯೆ ಬೇರೆ ದಾರಿಯಲ್ಲಿ ಅದೇ ರೇಖೆಯನ್ನು ತಲುಪಿ ಪ್ರಕಟಿಸಿದರು. ಲೋಕಕ್ಕೆ ಅದು 'ಬೆಜಿಯೆ ರೇಖೆ'ಯಾಯಿತು. ಗುಟ್ಟು ಕಾಯ್ದವರಿಗೆ ಹೆಸರು ಸಿಗಲಿಲ್ಲ.

1974ರಲ್ಲಿ ಎರಡು ಉಪಾಯಗಳು ಬಂದವು. ಜಾರ್ಜ್ ಚೈಕಿನ್ ಅವರದು ಮೂಲೆ ಕತ್ತರಿಸುವ ಉಪಾಯ. ಬಿಂದುಗಳನ್ನು ಜೋಡಿಸಿದ ಪ್ರತಿ ಸರಳರೇಖೆಯ ಮೇಲೆ ಕಾಲು ಮತ್ತು ಮುಕ್ಕಾಲು ದೂರದಲ್ಲಿ ಗುರುತು ಮಾಡಿ, ನಡುವಿನ ಮೂಲೆಯನ್ನು ಕತ್ತರಿಸಿ ಎಸೆಯಿರಿ. ಉಳಿದದ್ದಕ್ಕೂ ಹಾಗೆಯೇ ಮಾಡಿ. ನಾಲ್ಕೈದು ಸಲ ಮಾಡುವಷ್ಟರಲ್ಲಿ ಕಣ್ಣಿಗೆ ಮೂಲೆಯೇ ಕಾಣದು. ಗ್ರೋನರ್ ಅವರ ಕಾಲು-ಮುಕ್ಕಾಲು ಇಲ್ಲೂ ಬಂದಿತು. ಆದರೆ ಅಲ್ಲಿ ಹಂಚಿಕೆ ಕಾಲದಲ್ಲಿ, ಇಲ್ಲಿ ಜಾಗದಲ್ಲಿ. ಎಡ್ವಿನ್ ಕ್ಯಾಟ್ಮುಲ್ ಮತ್ತು ರಾಫೇಲ್ ರೋಮ್ ಅವರದು ಇದಕ್ಕೆ ವಿರುದ್ಧ ಜಾತಿ. ಅವರ ರೇಖೆ ಕೊಟ್ಟ ಪ್ರತಿ ಬಿಂದುವಿನ ಮೂಲಕವೂ ಹಾಯುತ್ತದೆ. ಚೈಕಿನ್ ರೇಖೆ ನಡುಕವನ್ನು ಸ್ವಲ್ಪ ಮರೆಸುತ್ತದೆ, ಮೊನೆಯನ್ನೂ ಮೊಂಡು ಮಾಡುತ್ತದೆ. ಕ್ಯಾಟ್ಮುಲ್-ರೋಮ್ ರೇಖೆ ಮೊನೆಯನ್ನು ಬಿಡುವುದಿಲ್ಲ, ನಡುಕವನ್ನೂ ಬಿಡುವುದಿಲ್ಲ. ನನ್ನ ಮೊದಲ ದಿನದ ಬಹುಭುಜದ ಕಾರಣವೂ ಇಲ್ಲಿದೆ. ಕೆಲಸದ ಹೊರೆಯಲ್ಲಿದ್ದ ಗಣಕ ಹಲವು ಬಿಂದುಗಳನ್ನು ಕೈಬಿಟ್ಟಿತ್ತು, ಉಳಿದವನ್ನು ತಂತ್ರಾಂಶ ಸರಳರೇಖೆಗಳಿಂದ ಹೊಲಿದಿತ್ತು.

ಹಾವಿನಂತೆ ಬಳುಕಿದ ಓರೆ ಗೆರೆಗೆ ಕಾರಣ ಯಂತ್ರಾಂಶದಲ್ಲಿದೆ. ಜಪಾನಿನಲ್ಲಿ 1983ರಲ್ಲಿ ಆರಂಭವಾದ ವಾಕಾಮ್ ಕಂಪೆನಿ ಹೆಸರು ಮಾಡಿದ್ದು ತಂತಿಯಿಲ್ಲದ, ಬ್ಯಾಟರಿಯೂ ಬೇಡದ ಲೇಖನಿಯಿಂದ. ಫಲಕದ ಅಡಿಯ ಸುರುಳಿಗಳು ಕ್ಷಣಕಾಲ ಪರ್ಯಾಯ ಕಾಂತಕ್ಷೇತ್ರವನ್ನು ಹೊಮ್ಮಿಸಿ ಸುಮ್ಮನಾಗುತ್ತವೆ. ಲೇಖನಿಯೊಳಗೆ ಒಂದು ಸುರುಳಿ, ಒಂದು ಧಾರಕ. ತಂಬೂರಿಯ ಒಂದು ತಂತಿ ಮೀಟಿದರೆ ಅದೇ ಶ್ರುತಿಯ ಇನ್ನೊಂದು ತಂತಿ ದನಿಗೂಡಿಸುವಂತೆ, ಈ ಜೋಡಿ ಅನುರಣಿಸಿ ಅದೇ ಆವೃತ್ತಿಯ ಸಂಕೇತವನ್ನು ಮರಳಿಸುತ್ತದೆ. ಮೊನೆಯನ್ನು ಒತ್ತಿದರೆ ಅನುರಣನದ ಆವೃತ್ತಿ ತುಸು ಬದಲಾಗಿ ಒತ್ತಡವೂ ತಿಳಿಯುತ್ತದೆ. ದ್ವಿತೀಯ ಪಿಯುಸಿಯಲ್ಲಿ ಅನುರಣನ ಮಂಡಲ ಕಲಿಸುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆದರೆ ಸುರುಳಿಗಳ ನಡುವೆ ಮಿಲಿಮೀಟರುಗಳ ಅಂತರವಿರುತ್ತದೆ. ಅಕ್ಕಪಕ್ಕದ ಸುರುಳಿಗಳಲ್ಲಿ ಯಾವುದರ ಸಂಕೇತ ಎಷ್ಟು ಪ್ರಬಲ ಎಂದು ಹೋಲಿಸಿ ನಡುವಿನ ಸ್ಥಾನವನ್ನು ಅಂದಾಜು ಮಾಡಬೇಕು. ಅಂದಾಜಿನ ತಪ್ಪು ಸುರುಳಿಯಿಂದ ಸುರುಳಿಗೆ ಮರುಕಳಿಸುತ್ತದೆ. ಓರೆ ಗೆರೆಯಲ್ಲಿ ಅದೇ ಅಲೆಯಾಗಿ ಕಾಣುವುದು. ಇದರ ಜೊತೆಗೆ ಎಲ್ಲರ ಕೈಯಲ್ಲೂ ಸೆಕೆಂಡಿಗೆ 8ರಿಂದ 12 ಬಾರಿಯ ಸಹಜ ನಡುಕವಿದೆ. ಐವತ್ತು ದಾಟಿದ ಮೇಲೆ ಅದನ್ನು ಒಪ್ಪಿಕೊಳ್ಳುವುದು ಸುಲಭ.

ಚಿತ್ರಕಾರರ ತಂತ್ರಾಂಶಗಳಲ್ಲಿ ಇನ್ನೊಂದು ಬಗೆಯ ನುಣುಪು ಇದೆ. ಕುಂಚವನ್ನು ಲೇಖನಿಗೆ ಒಂದು ಕಾಣದ ದಾರದಿಂದ ಕಟ್ಟಿದಂತೆ. ದಾರ ಬಿಗಿಯಾದಾಗ ಮಾತ್ರ ಕುಂಚ ಹಿಂದೆ ಬರುತ್ತದೆ. ಸಣ್ಣ ನಡುಕಗಳು ದಾರದ ಸಡಿಲದಲ್ಲೇ ಕರಗಿಹೋಗುತ್ತವೆ. ಹೀಗೆ ಎಳೆಯಲ್ಪಟ್ಟ ವಸ್ತುವಿನ ದಾರಿ ಗಣಿತಕ್ಕೆ ಹೊಸದಲ್ಲ. 17ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಕ್ಲಾಡ್ ಪೆರೋ ಎಂಬ ವೈದ್ಯ ತನ್ನ ಜೇಬುಗಡಿಯಾರವನ್ನು ಮೇಜಿನ ಮೇಲಿಟ್ಟು, ಸರಪಳಿಯ ತುದಿಯನ್ನು ಮೇಜಿನ ಅಂಚಿನಗುಂಟ ಎಳೆದು, ಗಡಿಯಾರ ಸಾಗಿದ ದಾರಿ ಯಾವ ರೇಖೆ ಎಂದು ಕೇಳಿದನಂತೆ. ಲೈಬ್ನಿಟ್ಸ್ ಮತ್ತು ಹೈಗೆನ್ಸ್ ಅದನ್ನು ಬಿಡಿಸಿದರು. ಅದೇ 'ಟ್ರ್ಯಾಕ್ಟ್ರಿಕ್ಸ್'. ಎಳೆಯುವ ತುದಿ ಸರಳರೇಖೆಯ ಬದಲು ವೃತ್ತದ ಮೇಲೆ ಸುತ್ತುತ್ತಲೇ ಇದ್ದರೆ, ಹಿಂಬಾಲಿಸುವ ವಸ್ತು ಇನ್ನೊಂದು ಚಿಕ್ಕ ವೃತ್ತದಲ್ಲಿ ನೆಲೆಗೊಳ್ಳುತ್ತದೆ. ದಾರ ಆ ಚಿಕ್ಕ ವೃತ್ತಕ್ಕೆ ಸ್ಪರ್ಶಕವಾಗಿರುವುದರಿಂದ ಪೈಥಾಗೊರಸ್ ಸಾಕು: 5 ಮಿ.ಮೀ. ತ್ರಿಜ್ಯ, 3 ಮಿ.ಮೀ. ದಾರ, ಉಳಿಯುವ ವೃತ್ತದ ತ್ರಿಜ್ಯ 4 ಮಿ.ಮೀ. ದಾರ 5 ಮಿ.ಮೀ. ಆದರೆ ವೃತ್ತವೇ ಇಲ್ಲ. ಇಲ್ಲಿ ಎಣಿಕೆಗೆ ಬರುವುದು ಗಾತ್ರ, ಕಾಲವಲ್ಲ. ಇಂಥ ತಂತ್ರಾಂಶದಲ್ಲಿ ಅಕ್ಷರವನ್ನು ದೊಡ್ಡದಾಗಿ ಬರೆದರೆ ಸೊನ್ನೆ ಬದುಕುತ್ತದೆ.

ಬರೀ ಉದ್ದನೆಯ ಬಾಗುಗಳನ್ನು ಎಳೆಯುವ ಚಿತ್ರಕಾರರಿಗೆ ಈ ನಷ್ಟ ಅಷ್ಟಾಗಿ ಬಾಧಿಸದು. ಕನ್ನಡ ಬರೆಯುವವರ ಪಾಡು ಬೇರೆ. ನಮ್ಮ ಅಕ್ಷರಗಳೇ ಸುರುಳಿಗಳು. ಅನುಸ್ವಾರದ ಸೊನ್ನೆ ಚುಕ್ಕೆಯಾಗಬಹುದು, 'ಯ'ದ ಸುರುಳಿ ಮುಚ್ಚಿಹೋಗಬಹುದು. ಅಕ್ಷರವನ್ನು ಗುರುತಿಸಬೇಕಾದ ಗಣಕಕ್ಕಂತೂ ಇದು ನೇರ ಪೆಟ್ಟು. ಬೆಂಗಳೂರಿನ ಎಚ್‌ಪಿ ಪ್ರಯೋಗಾಲಯದವರು 2000ರ ದಶಕದಲ್ಲಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟ ಕೈಬರಹ ಗುರುತಿಸುವ 'ಲಿಪಿ ಟೂಲ್‌ಕಿಟ್'ನಲ್ಲೂ ಗೆರೆಯನ್ನು ಮೊದಲು ನುಣುಪು ಮಾಡುವ ಹಂತವಿದೆ. ಅಲ್ಲಿ ಎಷ್ಟು ಸರಾಸರಿ ಎಂಬುದು ಅಂದದ ಪ್ರಶ್ನೆಯಲ್ಲ, ಅಕ್ಷರ ಉಳಿಯುವ ಪ್ರಶ್ನೆ.

ಈ ಚೌಕಾಸಿಯನ್ನು ಚೆನ್ನಾಗಿ ಕುದುರಿಸಿದ್ದು ಕಾಸಿಯೆ, ರೂಸೆಲ್ ಮತ್ತು ವೋಗೆಲ್ 2012ರಲ್ಲಿ ಪ್ರಕಟಿಸಿದ 'ಒಂದು ಯೂರೋ ಫಿಲ್ಟರ್'. ಲೇಖನಿ ನಿಧಾನವಾಗಿದ್ದಾಗ ನಡುಕ ಎದ್ದು ಕಾಣುತ್ತದೆ, ವಿಳಂಬ ಕಾಣುವುದಿಲ್ಲ. ವೇಗವಾಗಿದ್ದಾಗ ಇದಕ್ಕೆ ತಿರುವುಮುರುವು. ಆದ್ದರಿಂದ ಗ್ರೋನರ್ ಅವರ ಕಾಲು-ಮುಕ್ಕಾಲನ್ನು ಸ್ಥಿರವಾಗಿಡದೆ, ವೇಗ ಏರಿದಂತೆ ಹೊಸ ಬಿಂದುವಿನ ಪಾಲನ್ನು ಹೆಚ್ಚಿಸುತ್ತ ಹೋಗಬೇಕು. ವಿಚಾರ ಇಷ್ಟೇ, ಕೆಲವೇ ಸಾಲುಗಳ ತಂತ್ರಾಂಶ. ಇನ್ನೊಂದು ದಾರಿ ಭವಿಷ್ಯ ನುಡಿಯುವುದು: ಲೇಖನಿ ಮುಂದೆಲ್ಲಿಗೆ ಹೋಗಲಿದೆಯೆಂದು ಊಹಿಸಿ ಮೊದಲೇ ಗೆರೆ ಎಳೆದು, ನಿಜವಾದ ಬಿಂದು ಬಂದಾಗ ಸದ್ದಿಲ್ಲದೆ ತಿದ್ದುವುದು. ತನ್ನ ಪೆನ್ಸಿಲಿನ ವಿಳಂಬ 20ರಿಂದ 9 ಮಿಲಿಸೆಕೆಂಡಿಗೆ ಇಳಿಯಿತೆಂದು ಆಪಲ್ 2019ರಲ್ಲಿ ಘೋಷಿಸಿದಾಗ ಅದರಲ್ಲಿ ಇಂಥ ಊಹೆಯ ಪಾಲೂ ಇತ್ತು. ಹಠಾತ್ತನೆ ತಿರುಗುವ ಮೊನೆಗಳಲ್ಲಿ ಈ ಜ್ಯೋತಿಷ್ಯ ತಪ್ಪುತ್ತದೆ.

ದಾರದ ಲೆಕ್ಕವನ್ನು ತರಗತಿಯಲ್ಲೇ ಮಾಡಿ ನೋಡಬಹುದು. ದೊಡ್ಡ ಹಾಳೆಯ ಮೇಲೆ 10 ಸೆಂ.ಮೀ. ತ್ರಿಜ್ಯದ ವೃತ್ತ ಬರೆಯಿರಿ. ತೂತಿರುವ ಹಳೆಯ ನಾಣ್ಯಕ್ಕೆ ಅಥವಾ ವಾಷರಿಗೆ ದಾರ ಕಟ್ಟಿ, ವಾಷರಿನ ನಡುವಿನಿಂದ 6 ಸೆಂ.ಮೀ. ದೂರದಲ್ಲಿ ಹಿಡಿಯಿರಿ. ದಾರದ ತುದಿಯನ್ನು ವೃತ್ತದ ಮೇಲೆ ನಿಧಾನವಾಗಿ, ವಾಷರ್ ತಾನಾಗಿ ಜಾರಿಹೋಗದಂತೆ ಎಳೆಯುತ್ತ ಕೆಲವು ಸುತ್ತು ಹಾಕಿ. ವಾಷರ್ 8 ಸೆಂ.ಮೀ. ತ್ರಿಜ್ಯದ ದಾರಿಗೆ ಬಂದು ನಿಲ್ಲಬೇಕು. ಆಮೇಲೆ ದಾರವನ್ನು 10 ಸೆಂ.ಮೀ.ಗೆ ಉದ್ದ ಮಾಡಿ ಮತ್ತೆ ಸುತ್ತಿ, ವಾಷರ್ ಯಾವ ಕಡೆಗೆ ಸರಿಯುತ್ತದೆಂದು ವಿದ್ಯಾರ್ಥಿಗಳನ್ನೇ ಕೇಳಿ.