ನಿಮ್ಮ ತೋಟದ ಕಟ್ಟೆ ಒಡೆದರೆ ಹೊಣೆ ಯಾರು? ಶಿಕಾರಿಪುರ, ಸೊರಬದ ಖಾಸಗಿ ಮಣ್ಣಿನ ಏರಿಗಳ ಬಗ್ಗೆ ತಿಳಿದಿರಬೇಕಾದ ವಿಷಯಗಳು

ಶಿಕಾರಿಪುರ/ಸೊರಬ: ಗದ್ದೆ ಹೋಗಿ ಅಡಿಕೆ ತೋಟ ಬಂತು. ಬೋರ್‌ವೆಲ್ ನಂಬಿ ಕೂತರೆ ಬೇಸಿಗೆಯಲ್ಲಿ ಕೈಕೊಡ್ತದೆ. ಹಾಗಾಗಿ ನಮ್ಮ ಎರಡೂ ತಾಲೂಕುಗಳಲ್ಲಿ ಜೆಸಿಬಿ, ಹಿಟಾಚಿ ತರಿಸಿ, ಗುಡ್ಡದ ಇಳಿಜಾರಿಗೆ ಅಡ್ಡ ಮಣ್ಣು ಹಾಕಿ ಸ್ವಂತ ಕಟ್ಟೆ ಮಾಡಿಕೊಳ್ಳುವವರು ಇದ್ದಾರೆ. ನೀರು ನಿಂತರೆ ತೋಟ ಉಳೀತದೆ, ಸುತ್ತಲಿನ ಬಾವಿಗೂ ಒರತೆ ಬರ್ತದೆ. ಇದರಲ್ಲಿ ತಪ್ಪೇನಿಲ್ಲ.

ಆದರೆ ಏರಿಯ ಕೆಳಗೆ ಯಾರಿದ್ದಾರೆ? ಪಕ್ಕದವರ ಗದ್ದೆ, ಊರಿನ ರಸ್ತೆ, ರಸ್ತೆ ಬದಿಯ ಅಂಗಡಿ, ಕೂಲಿಯವರ ಮನೆ. ಏರಿ ಒಡೆದರೆ ಏನಾಗ್ತದೆ, ಅದನ್ನು ನೋಡಿಕೊಳ್ಳುವ ಇಲಾಖೆ ಯಾವುದು, ನಷ್ಟ ಕಟ್ಟಿಕೊಡುವವರು ಯಾರು? ಮಳೆಗಾಲಕ್ಕೆ ಮುಂಚೆ ಓದಿಟ್ಟುಕೊಳ್ಳಲಿ ಅಂತ ಈ ಮಾಹಿತಿ.

ಹೊಂಡ ಬೇರೆ, ಕಟ್ಟೆ ಬೇರೆ

ನೆಲ ತೋಡಿ ಮಾಡಿದ್ದು ಕೃಷಿಹೊಂಡ. 2014-15ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯ ಹೊಂಡಗಳು ಈ ಜಾತಿಯವು. ಇಲ್ಲಿ ನೀರು ನೆಲಮಟ್ಟಕ್ಕಿಂತ ಕೆಳಗೆ ಇರೋದರಿಂದ ಒಡೆಯುವ ಭಯ ಕಡಿಮೆ. ಅಪಾಯ ಇರೋದು ಕಾಲು ಜಾರಿ ಬೀಳುವುದರಲ್ಲಿ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬಿದ್ದವರಿಗೆ ಹತ್ತಿ ಬರಲು ಹಿಡಿತವೇ ಸಿಗೋದಿಲ್ಲ. ಸುತ್ತ ತಂತಿಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಇರಲೇಬೇಕು.

ಇಳಿಜಾರಿಗೆ ಅಡ್ಡವಾಗಿ ಏರಿ ಹಾಕಿ ನೀರು ನಿಲ್ಲಿಸಿದ್ದು ಕಟ್ಟೆ. ಇಲ್ಲಿ ನೀರು ಕೆಳಗಿನ ಜಮೀನಿಗಿಂತ ಎತ್ತರದಲ್ಲಿ ನಿಂತಿರ್ತದೆ. ಲೆಕ್ಕದ ಪ್ರಕಾರ ಇದೂ ಒಂದು ಅಣೆಕಟ್ಟೇ. 50 ಮೀಟರ್ ಉದ್ದ, 40 ಮೀಟರ್ ಅಗಲ, ಸರಾಸರಿ 3 ಮೀಟರ್ ಆಳ ಇದ್ದರೆ 6,000 ಘನ ಮೀಟರ್ ನೀರು. ಅಂದರೆ 60 ಲಕ್ಷ ಲೀಟರ್, 6,000 ಟನ್ ತೂಕ. ಅದು ಒಂದೇ ಸಲ ಇಳಿದರೆ ಕೆಳಗಿನ ಮನೆಯವರಿಗೆ ಮಕ್ಕಳನ್ನು ಎಬ್ಬಿಸುವಷ್ಟೂ ಸಮಯ ಸಿಗಲಿಕ್ಕಿಲ್ಲ.

ಕೆರೆ ನಮಗೆ ಹೊಸದಲ್ಲ

ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಶಾಸನದಲ್ಲಿ ಕದಂಬರ ಕಾಕುಸ್ಥವರ್ಮ ದೇವಾಲಯದ ಹತ್ತಿರ ಕೆರೆ ಕಟ್ಟಿಸಿದ ವಿಷಯ ಇದೆ. ಅಂದರೆ ಸುಮಾರು ಒಂದೂವರೆ ಸಾವಿರ ವರ್ಷದ ಹಿಂದಿನ ಮಾತು. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿದವರಿಗೆ ಬಿಟ್ಟುಕೊಟ್ಟ ಜಮೀನಿಗೆ ಕಟ್ಟುಗೊಡಗೆ, ಬಿತ್ತುವಟ್ಟ ಅಂತ ಹೆಸರಿತ್ತು. ಕಟ್ಟುವುದು ಒಂದು ದಿನದ ಕೆಲಸ, ನೋಡಿಕೊಳ್ಳುವುದು ಪ್ರತಿವರ್ಷದ ಕೆಲಸ ಅನ್ನೋದು ಅವರಿಗೆ ಗೊತ್ತಿತ್ತು.

ಅಷ್ಟಾದರೂ ಏರಿಗಳು ಒಡೆದಿವೆ. ನಮ್ಮ ಕುಮುದ್ವತಿ ನದಿಗೇ ಅಡ್ಡವಾಗಿ ವಿಜಯನಗರ ಕಾಲದಲ್ಲಿ ಕಟ್ಟಿದ್ದ ಮದಗ-ಮಾಸೂರು ಕೆರೆ ಆ ಕಾಲದ ಬಹುದೊಡ್ಡ ಕೆರೆಗಳಲ್ಲಿ ಒಂದು. ಅದೂ ಒಡೆದುಹೋಗಿ, ಬ್ರಿಟಿಷರ ಕಾಲದಲ್ಲಿ ಸಣ್ಣದಾಗಿ ಮತ್ತೆ ಕಟ್ಟಿದರು.

ಹತ್ತಿರದ ಉದಾಹರಣೆ ಬೇಕೆಂದರೆ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ತಿವರೆ. 2019ರ ಜುಲೈ 2ರ ರಾತ್ರಿ ಅಲ್ಲಿನ ಮಣ್ಣಿನ ಅಣೆಕಟ್ಟು ಒಡೆದು ಇಪ್ಪತ್ತರಷ್ಟು ಜನ ಕೊಚ್ಚಿಹೋದರು. ಏರಿ ಸೋರ್ತಾ ಇದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದರು. ಏಡಿಗಳು ಕೊರೆದದ್ದೇ ಕಾರಣ ಅಂತ ಮಂತ್ರಿಯೊಬ್ಬರು ಹೇಳಿ ನಗೆಪಾಟಲಿಗೆ ಈಡಾದರು. ಏಡಿ, ಹೆಗ್ಗಣ ಏರಿಯನ್ನು ಕೊರೆಯುವುದು ನಿಜ. ಆದರೆ ಆ ಬಿಲಗಳನ್ನು ವರ್ಷವರ್ಷ ಮುಚ್ಚಬೇಕಾದವರು ಮನುಷ್ಯರು ತಾನೆ?

ಯಾವ ಏರಿ ಯಾರ ಸುಪರ್ದಿಗೆ?

* ದೊಡ್ಡ ಅಣೆಕಟ್ಟು: ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳು ಇದರೊಳಗೆ ಬರ್ತವೆ. 10ರಿಂದ 15 ಮೀಟರ್ ಎತ್ತರದ್ದಾದರೆ ಏರಿಯ ಉದ್ದ 500 ಮೀಟರ್, ಅಥವಾ ನೀರು 10 ಲಕ್ಷ ಘನ ಮೀಟರ್ ಮುಟ್ಟಿರಬೇಕು, ಇಲ್ಲವೇ ಕಾಯ್ದೆ ಹೇಳುವ ಬೇರೆ ಕೆಲವು ಷರತ್ತುಗಳಲ್ಲಿ ಒಂದಾದರೂ ಇರಬೇಕು. ಇಂಥವುಗಳಿಗೆ ಮಳೆಗಾಲದ ಮುಂಚೆ ಮತ್ತು ನಂತರ ತಪಾಸಣೆ ಕಡ್ಡಾಯ.
* ಸರ್ಕಾರಿ ಕೆರೆ: ಅಚ್ಚುಕಟ್ಟು 40 ಹೆಕ್ಟೇರ್‌ನಿಂದ 2,000 ಹೆಕ್ಟೇರ್‌ವರೆಗೆ ಇದ್ದರೆ ಸಣ್ಣ ನೀರಾವರಿ ಇಲಾಖೆ. 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯತ್ ವ್ಯವಸ್ಥೆ.
* ಖಾಸಗಿ ಕಟ್ಟೆ: ನಮ್ಮ ತೋಟದ ಏರಿಗಳು ಹತ್ತು-ಹದಿನೈದು ಅಡಿ, ಅಂದರೆ 3ರಿಂದ 5 ಮೀಟರ್. 2021ರ ಕಾಯ್ದೆಯ ಲೆಕ್ಕಕ್ಕೇ ಇವು ಬರೋದಿಲ್ಲ. ವರ್ಷಕ್ಕೊಮ್ಮೆ ಬಂದು ಇವುಗಳನ್ನು ಪರೀಕ್ಷಿಸುವ ಹೊಣೆಯನ್ನು ಆ ಕಾಯ್ದೆ ಯಾರಿಗೂ ಕೊಟ್ಟಿಲ್ಲ.

ಸಣ್ಣ ಮಣ್ಣಿನ ಏರಿ ಹೇಗಿರಬೇಕು ಅಂತ ಐಎಸ್ 12169 ಎಂಬ 1987ರ ಭಾರತೀಯ ಮಾನದಂಡ ಇದೆ. ಅದನ್ನು ನೋಡಿ ಕಟ್ಟುವವರು ಎಷ್ಟು ಜನ ಅಂತ ಗಂಟೆ ಲೆಕ್ಕದಲ್ಲಿ ಜೆಸಿಬಿ ಬಾಡಿಗೆಗೆ ತಂದವರೇ ಹೇಳಬೇಕು.

ಇನ್ನೊಂದು ವಿಷಯ. ಜಮೀನು ನಿಮ್ಮದಾದರೂ ಅದರೊಳಗೆ ಹರಿಯುವ ಹಳ್ಳ ನಿಮ್ಮದಲ್ಲದೆ ಇರಬಹುದು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಬೇರೆಯವರ ಸ್ವತ್ತು ಅಲ್ಲದ ಹಳ್ಳ, ಕೆರೆ, ಹೊಳೆಗಳೆಲ್ಲ ಸರ್ಕಾರದ್ದು. ಪಹಣಿಯಲ್ಲಿ 'ಬಿ' ಖರಾಬು ಅಂತ ಇದ್ದರೆ ಅದು ಸಾರ್ವಜನಿಕ ಬಳಕೆಯ ಜಾಗ. ಅಂಥ ಹಳ್ಳಕ್ಕೆ ಅಡ್ಡ ಏರಿ ಹಾಕಿದರೆ, ಅದು ಒಡೆಯದಿದ್ದರೂ ಒತ್ತುವರಿ ಪ್ರಶ್ನೆ ಏಳ್ತದೆ.

ಒಡೆದರೆ ನಷ್ಟ ಯಾರು ಕೊಡಬೇಕು?

ಈ ಪ್ರಶ್ನೆ ಹಳೇದು. 1868ರಲ್ಲಿ ಇಂಗ್ಲೆಂಡಿನಲ್ಲಿ ಗಿರಣಿ ಮಾಲೀಕನೊಬ್ಬ ಕಟ್ಟಿಸಿದ ಜಲಾಶಯದ ನೀರು ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿದ ರೈಲ್ಯಾಂಡ್ಸ್-ಫ್ಲೆಚರ್ ಮೊಕದ್ದಮೆ ತೀರ್ಮಾನವಾಯಿತು. ತನ್ನ ಜಾಗದಲ್ಲಿ ಅಪಾಯದ ವಸ್ತುವನ್ನು ತಂದು ಕೂಡಿಟ್ಟವನು, ಅದು ತಪ್ಪಿಸಿಕೊಂಡು ಹೋದರೆ ನಷ್ಟಕ್ಕೆ ತಾನೇ ಹೊಣೆ ಅನ್ನೋದು ಅಲ್ಲಿನ ತತ್ವ. 'ನಾನು ಹುಷಾರಾಗೇ ಇದ್ದೆ' ಅಂದರೆ ಸಾಲದು.

ನಮ್ಮ ದೇಶದ ಕೆರೆಗಳ ವಿಷಯದಲ್ಲಿ 1874ರ ತೀರ್ಪು ಸ್ವಲ್ಪ ಬೇರೆ. ಈಗಿನ ಆಂಧ್ರದ ಕಾರ್ವೇಟಿನಗರ ಜಮೀನ್ದಾರರ ಕೆರೆಗಳು ಜೋರು ಮಳೆಗೆ ಒಡೆದು ಮದ್ರಾಸ್ ರೈಲ್ವೆ ಕಂಪನಿಗೆ ಹಾನಿಯಾಯಿತು. ಹಿಂದಿನಿಂದ ಬಂದ ಕೆರೆಗಳು ಜನರ ಬದುಕಿಗೆ ಬೇಕೇಬೇಕು, ಅವನ್ನು ಉಳಿಸಿಕೊಳ್ಳುವುದು ಜಮೀನ್ದಾರರ ಕರ್ತವ್ಯವೂ ಹೌದು. ಹಾಗಾಗಿ ನಿರ್ಲಕ್ಷ್ಯ ಇಲ್ಲದಿದ್ದರೆ ಅವರು ಹೊಣೆಯಲ್ಲ ಅಂತ ಪ್ರಿವಿ ಕೌನ್ಸಿಲ್ ಹೇಳಿತು.

ಇದರಿಂದ ಮಾಲೀಕರು ತಿಳಿಯಬೇಕಾದ್ದು ಏನು? 'ದೇವರು ಕೊಟ್ಟ ಮಳೆ, ನಾನೇನು ಮಾಡಲಿ' ಅನ್ನುವ ಮಾತು ಕೋರ್ಟಿನಲ್ಲಿ ಸುಲಭಕ್ಕೆ ನಡೆಯೋದಿಲ್ಲ. ಕೋಡಿ ಇತ್ತಾ, ಸೋರಿಕೆ ಕಂಡಾಗ ಏನು ಮಾಡಿದಿರಿ, ಕೆಳಗಿನವರು ಹೇಳಿದಾಗ ಕೇಳಿದಿರಾ ಅನ್ನುವ ಪ್ರಶ್ನೆ ಬರ್ತದೆ. ಮೊನ್ನೆ ಮೊನ್ನೆ ಸ್ವಂತ ಲಾಭಕ್ಕೆ ಕಟ್ಟಿದ ಏರಿಗೆ ಹಳೇ ಕೆರೆಯ ರಿಯಾಯಿತಿ ಸಿಗುತ್ತದೆ ಅಂತ ನಂಬಿ ಕೂರಬೇಡಿ.

ಏರಿ ಯಾಕೆ ಒಡೆಯುತ್ತದೆ?

ಒಂದು, ನೀರು ಏರಿ ಮೇಲೆ ಹತ್ತುವುದು. 20 ಎಕರೆ ಇಳಿಜಾರಿನ ನೀರು ನಿಮ್ಮ ಕಟ್ಟೆಗೆ ಬರ್ತದೆ ಅಂದುಕೊಳ್ಳಿ. ಒಂದು ದಿನ 100 ಮಿಲಿಮೀಟರ್ ಮಳೆಯಾಗಿ ಅರ್ಧ ಹರಿದು ಬಂದರೂ 40 ಲಕ್ಷ ಲೀಟರ್. ಕಟ್ಟೆ ಮೊದಲೇ ತುಂಬಿದ್ದರೆ ಇಷ್ಟೂ ನೀರು ಕೋಡಿಯಲ್ಲೇ ಹೋಗಬೇಕು. ಎರಡು ಸಿಮೆಂಟ್ ಪೈಪ್ ಇಟ್ಟು ಕೋಡಿ ಅಂದರೆ ಆಗೋದಿಲ್ಲ. ಕಸ ಸಿಕ್ಕಿಕೊಂಡರೆ ಅದೂ ಬಂದ್.

ಎರಡು, ಒಳಗಿನಿಂದ ಕೊರೆಯುವುದು. ಬಿಲ, ಕೊಳೆತ ಮರದ ಬೇರು, ಏರಿಯೊಳಗೆ ಹಾಕಿದ ಪಂಪಿನ ಪೈಪಿನ ಸಂದು, ಇವುಗಳ ಗುಂಟ ನೀರು ದಾರಿ ಮಾಡಿಕೊಳ್ಳುತ್ತದೆ.

ಮೂರು, ಏರಿ ಕುಸಿಯುವುದು. ಜೆಸಿಬಿಯಲ್ಲಿ ರಾಶಿ ಹಾಕಿ ಬಕೆಟ್‌ನಿಂದ ಬಡಿದರೆ ಮಣ್ಣು ಗಟ್ಟಿಯಾಗೋದಿಲ್ಲ. ಅರ್ಧ ಅಡಿ ಪದರ ಹಾಕಿ, ನೀರು ಚಿಮುಕಿಸಿ, ರೋಲರ್ ಓಡಿಸಬೇಕು. ಎತ್ತರ ಒಂದು ಅಡಿಗೆ ಎರಡೂ ಬದಿ ಕನಿಷ್ಠ ಎರಡೆರಡು ಅಡಿ ಇಳಿಜಾರು ಬೇಕು. ಅಂದರೆ ಹತ್ತು ಅಡಿ ಎತ್ತರ, ತಲೆಯಲ್ಲಿ ಎಂಟು ಅಡಿ ಅಗಲದ ಏರಿಗೆ ಬುಡ 48 ಅಡಿ ಇರಬೇಕು. ಜಾಗ ಉಳಿಸಲು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದ ಏರಿ ನಿಲ್ಲೋದಿಲ್ಲ.

ಮಾಲೀಕರು ಮೇ ತಿಂಗಳಲ್ಲೇ ನೋಡಬೇಕಾದ್ದು

* ಕೋಡಿಯ ಕಸ, ಗಿಡ ತೆಗೆಯಿರಿ. ಮೀನು ಹೋಗಬಾರದು ಅಂತ ಬಲೆ, ಕಲ್ಲು ಅಡ್ಡ ಇಡಬೇಡಿ.
* ಏರಿ ತಗ್ಗಾದ ಕಡೆ ಮಣ್ಣು ಹಾಕಿ ಮಟ್ಟ ಮಾಡಿ. ನೀರು ಮೊದಲು ಹತ್ತುವುದು ಅಲ್ಲೇ.
* ಏರಿ ಮೇಲೆ ಹುಲ್ಲು ಇರಲಿ, ಮರ ಬೇಡ. ಅಡಿಕೆ, ತೆಂಗು ಕೂಡ ಬೇಡ.
* ಬಿಲ, ಹುತ್ತ ಕಂಡರೆ ಅಗೆದು, ಜೇಡಿಮಣ್ಣು ತುಂಬಿ ದಮ್ಮಸ್ಸು ಮಾಡಿ.
* ಮಳೆಗಾಲದಲ್ಲಿ ಏರಿಯ ಹಿಂಬದಿ ಬುಡ ದಿನಾ ನೋಡಿ. ಸೋರುವ ನೀರು ತಿಳಿಯಾಗಿದ್ದರೆ ಗಮನ ಇಟ್ಟಿರಿ. ಕೆಂಪಗೆ, ರಾಡಿಯಾಗಿ ಬಂದರೆ ಏರಿಯ ಮಣ್ಣೇ ಹೋಗ್ತಿದೆ ಅಂತ ಅರ್ಥ. ತಕ್ಷಣ ಪಂಪ್, ತೂಬಿನಿಂದ ನೀರಿನ ಮಟ್ಟ ಇಳಿಸಿ, ಕೆಳಗಿನವರಿಗೆ ಹೇಳಿ.
* ತೋಟ ಅಥವಾ ಶುಂಠಿಗೆ ಜಮೀನು ಲೀಸಿಗೆ ಕೊಟ್ಟಿದ್ದರೆ ಕಟ್ಟೆ ನೋಡಿಕೊಳ್ಳುವವರು ಯಾರು ಅಂತ ಕರಾರಿನಲ್ಲೇ ಬರೆಸಿ.

ಕೆಳಗಿನ ಜಮೀನಿನವರು, ಅಂಗಡಿಯವರು ಏನು ಮಾಡಬೇಕು?

ಮೊದಲು ಮಾಲೀಕರ ಹತ್ತಿರ ಹೋಗಿ ಮಾತಾಡಿ. ಕೇಳದಿದ್ದರೆ ಫೋಟೊ ತೆಗೆದು, ಸರ್ವೆ ನಂಬರ್ ಹಾಕಿ ಗ್ರಾಮ ಪಂಚಾಯಿತಿ ಪಿಡಿಒ ಮತ್ತು ತಹಶೀಲ್ದಾರ್‌ಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಮುಂದೆ ನಿರ್ಲಕ್ಷ್ಯ ತೋರಿಸಲು ಆ ಒಂದು ಹಾಳೆಯೇ ಆಧಾರ.

ಸಾರ್ವಜನಿಕರಿಗೆ ಅಪಾಯ ಇದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. ಹಿಂದೆ ಇದು ಸಿಆರ್‌ಪಿಸಿ 133 ಆಗಿತ್ತು. ಇದರಡಿ ಉಪವಿಭಾಗಾಧಿಕಾರಿಗಳು ಅಪಾಯ ನಿವಾರಿಸುವಂತೆ ಮಾಲೀಕರಿಗೆ ಷರತ್ತಿನ ಆದೇಶ ಕೊಡಬಹುದು. ರಸ್ತೆ ಪಕ್ಕದ ಕೆರೆ, ಬಾವಿ, ಗುಂಡಿಗೆ ಬೇಲಿ ಹಾಕಿ ಅಂತಲೂ ಹೇಳಬಹುದು. ನಮ್ಮ ಎರಡೂ ತಾಲೂಕುಗಳು ಸಾಗರ ಉಪವಿಭಾಗಕ್ಕೆ ಸೇರಿವೆ. ಏರಿ ಈಗಲೇ ಒಡೆಯುವ ಹಾಗಿದ್ದರೆ ಅರ್ಜಿ ಬರೆಯುತ್ತಾ ಕೂರಬೇಡಿ: ಮೊದಲು ಎತ್ತರದ ಜಾಗಕ್ಕೆ ಹೋಗಿ, 112ಕ್ಕೆ ಅಥವಾ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ.

ಅಂಗಡಿಯವರು ವಿಮೆ ಪಾಲಿಸಿ ತೆಗೆದು, ಪ್ರವಾಹ ಮತ್ತು ಜಲಾವೃತದ ರಕ್ಷಣೆ ಅದರಲ್ಲಿ ಇದೆಯಾ ಓದಿ. ಬೆಂಕಿಗೆ ಮಾತ್ರ ವಿಮೆ ಮಾಡಿಸಿದ್ದರೆ ನೆನೆದ ಸಕ್ಕರೆ ಮೂಟೆಗೆ, ಗೊಬ್ಬರದ ಚೀಲಕ್ಕೆ ಏನೂ ಸಿಗಲಿಕ್ಕಿಲ್ಲ.

ಪಂಚಾಯಿತಿ ಮಾಡಬಹುದಾದ ಸಣ್ಣ ಕೆಲಸ

ಹೊಸ ಕಾನೂನು ಬರುವವರೆಗೆ ಕಾಯಬೇಕಿಲ್ಲ. ತಮ್ಮ ವ್ಯಾಪ್ತಿಯಲ್ಲಿ ಆಳೆತ್ತರಕ್ಕಿಂತ ಹೆಚ್ಚಿನ ಖಾಸಗಿ ಏರಿ ಎಷ್ಟಿವೆ, ಕೆಳಗೆ ಮನೆ, ಶಾಲೆ, ರಸ್ತೆ ಇದೆಯಾ ಅಂತ ಒಂದು ಪಟ್ಟಿಯನ್ನು ಪಂಚಾಯಿತಿಗಳೇ ಮಾಡಿಟ್ಟುಕೊಳ್ಳಬಹುದು. ಮಾಲೀಕರ ಮತ್ತು ಕೆಳಗಿನ ಮನೆಯವರ ಫೋನ್ ನಂಬರ್ ಒಂದೇ ಹಾಳೆಯಲ್ಲಿದ್ದರೆ ರಾತ್ರಿ ಹೊತ್ತು ಒಂದು ಕರೆಯಲ್ಲಿ ಜೀವ ಉಳೀತದೆ. ಮುಂದಿನ ಗ್ರಾಮಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ಈ ವಿಷಯ ಕೇಳಿ, ನಡಾವಳಿಯಲ್ಲಿ ಬರೆಸಿ.